ಜಗಲಿ ಮೇಲೆ ಮಲಗಿದವರನ್ನು ಯಾರು ಎಣಿಸುತ್ತಾರೆ?

ಪ್ರಶ್ನೆ: ಕಾರವಾರ ಬಸ್ ನಿಲ್ದಾಣದ ಹತ್ತಿರ ನಮ್ಮ ಕಿರಾಣಿ ಅಂಗಡಿ ಇದೆ. ರಾತ್ರಿ ಬಾಗಿಲು ಹಾಕಿದ ಮೇಲೆ ಜಗಲಿಯಲ್ಲಿ ಮೂರ್ನಾಲ್ಕು ಜನ ಬಂದು ಮಲಗುತ್ತಾರೆ. ಒಬ್ಬರು ಅಜ್ಜ ಎಂಟು ವರ್ಷದಿಂದ ಇಲ್ಲೇ ಇದ್ದಾರೆ. ಜನಗಣತಿಯವರು ಬರುವುದು ಮನೆ ಮನೆಗೆ ಅಲ್ವಾ? ಮನೆಯೇ ಇಲ್ಲದವರ ಗತಿ ಏನು?

ಉತ್ತರ: ಅವರನ್ನೂ ಎಣಿಸುತ್ತಾರೆ. ಅದಕ್ಕೆಂದೇ ಒಂದು ರಾತ್ರಿ ಇಟ್ಟಿರುತ್ತಾರೆ.

ಗಣತಿಗೆ ಎರಡು ಹಂತ. ಮೊದಲನೆಯದು ಮನೆಗಳ ಪಟ್ಟಿ. ಗೋಡೆ ಯಾವುದರದ್ದು, ಚಾವಣಿ ಯಾವುದರದ್ದು, ನೀರು ಎಲ್ಲಿಂದ, ಇಂಥ ವಿಚಾರ. ಆಗ ನಿಮ್ಮ ಅಂಗಡಿಗೆ ನಂಬರ್ ಬೀಳುತ್ತದೆ, ಜಗಲಿಯ ಅಜ್ಜ ಲೆಕ್ಕಕ್ಕೆ ಬರುವುದಿಲ್ಲ. ಅವರ ಸರದಿ ಎರಡನೇ ಹಂತದಲ್ಲಿ, ಜನರನ್ನೇ ಎಣಿಸುವಾಗ. 2011ರಲ್ಲಿ ಈ ಎಣಿಕೆ ಫೆಬ್ರವರಿ 9ರಿಂದ 28ರ ತನಕ ನಡೆಯಿತು. 28ರ ರಾತ್ರಿ ಮನೆಯಿಲ್ಲದವರ ಎಣಿಕೆ. ಇವತ್ತು ನಿಮ್ಮ ಜಗಲಿಯಲ್ಲಿ ಮಲಗಿದವರು ನಾಳೆ ಶಿರವಾಡದ ರೈಲು ನಿಲ್ದಾಣದಲ್ಲಿ, ನಾಳಿದ್ದು ಅಂಕೋಲೆಯಲ್ಲಿ ಇರಬಹುದು. ನಾಲ್ಕು ದಿನ ಎಣಿಸಿದರೆ ಒಬ್ಬರೇ ಎರಡು ಮೂರು ಕಡೆ ಲೆಕ್ಕಕ್ಕೆ ಬರುತ್ತಾರೆ. ಅದಕ್ಕೇ ಒಂದೇ ರಾತ್ರಿ.

ಈ ಸಲದ ಜನರ ಎಣಿಕೆ 2027ರ ಫೆಬ್ರವರಿಯಲ್ಲಿ. ಮಾರ್ಚ್ 1 ಶುರುವಾಗುವ ನಡುರಾತ್ರಿಯೇ ಲೆಕ್ಕದ ಗಡಿ. ಹಿಂದಿನ ಕ್ರಮವೇ ನಡೆದರೆ ಆ ರಾತ್ರಿ ಫೆಬ್ರವರಿ 28, ಭಾನುವಾರ ಬೀಳುತ್ತದೆ.

2011ರಲ್ಲಿ ನಾನೂ ಗಣತಿದಾರನಾಗಿದ್ದೆ. ರಾತ್ರಿ ಹತ್ತೂವರೆಗೆ ಟಾರ್ಚ್ ಹಿಡಿದು ಹೊರಟೆ. ಮಾರ್ಕೆಟ್ ಕಟ್ಟೆ ಮೇಲೆ ಇಬ್ಬರು ಸಿಕ್ಕರು. ಇಷ್ಟೇ ಅಂದುಕೊಂಡು ತಿರುಗುವಾಗ, ಮೀನು ಮಾರುವ ಅಕ್ಕ ಒಬ್ಬರು ಹಿಂದಿನ ವಾರ ಹೇಳಿದ್ದು ನೆನಪಾಯಿತು. "ಮಾಸ್ತರ್ರೇ, ಹೆಂಗಸರು ಎದುರಿಗೆ ಮಲಗೋದಿಲ್ಲ. ಹಿಂದೆ ಹೋಗಿ ನೋಡಿ" ಅಂದಿದ್ದರು. ಹೋಗಿ ನೋಡಿದರೆ ಮೀನು ಪೆಟ್ಟಿಗೆಗಳ ರಾಶಿಯ ಹಿಂದೆ ತಾಯಿ, ಮಗಳು ಇದ್ದರು. ಬೆಳಕು ಬಿದ್ದ ಕೂಡಲೇ ತಾಯಿ ಗಂಟು ಎತ್ತಿಕೊಂಡು ಎದ್ದು ನಿಂತರು. ಓಡಿಸಲು ಬಂದೆ ಅಂತ ತಿಳಿದರು. ಆ ಅಕ್ಕ ಹೇಳದೇ ಇದ್ದಿದ್ದರೆ ಅವರಿಬ್ಬರೂ ದೇಶದ ಲೆಕ್ಕದಲ್ಲಿ ಇರುತ್ತಿರಲಿಲ್ಲ. ಯಾರು ಎಲ್ಲಿ ಮಲಗುತ್ತಾರೆ ಎನ್ನುವುದನ್ನು ಗಣತಿದಾರರು ಹಗಲಿನಲ್ಲೇ, ಮೊದಲೇ ತಿಳಿದು ಬರೆದಿಟ್ಟುಕೊಳ್ಳಬೇಕು. ಅದನ್ನು ಹೇಳಬಲ್ಲವರು ನಿಮ್ಮಂಥವರೇ.

ಹಾಗಾಗಿ ನಿಮ್ಮ ಮನೆಗೆ ಗಣತಿದಾರರು ಬಂದಾಗ ಜಗಲಿಯವರ ವಿಷಯ ಹೇಳಿ. ಗಣತಿದಾರರಿಗೆ ಆಸಕ್ತಿ ಕಡಿಮೆ ಅನಿಸಿದರೆ ನಗರಸಭೆಗೆ ಹೋಗಿ ಹೇಳಿ. ಅಜ್ಜನಿಗೂ ಮುಂಚೆಯೇ ತಿಳಿಸಿ. ಅವತ್ತು ರಾತ್ರಿ ಜಗಲಿ ಲೈಟು ಹಾಕಿಡಿ. ಟಾರ್ಚ್ ಬೆಳಕಿಗೆ ಹೆದರಿ ಎದ್ದು ಹೋಗುವವರು ಜಾಸ್ತಿ.

2011ರ ಗಣತಿಯಲ್ಲಿ ಸಿಕ್ಕ ಮನೆಯಿಲ್ಲದವರು ದೇಶದಲ್ಲಿ 17.73 ಲಕ್ಷ. 2001ರಲ್ಲಿ 19.43 ಲಕ್ಷ ಇತ್ತು. ಕಡಿಮೆ ಆಯಿತಲ್ಲ ಅಂತ ಸಮಾಧಾನಪಡುವ ಹಾಗಿಲ್ಲ. ಇಳಿದದ್ದು ಹಳ್ಳಿಗಳಲ್ಲಿ. ಪೇಟೆಗಳಲ್ಲಿ 7.78 ಲಕ್ಷ ಇದ್ದದ್ದು 9.38 ಲಕ್ಷಕ್ಕೆ ಏರಿತ್ತು. 2021ರ ಗಣತಿ ನಡೆಯಲಿಲ್ಲ, ಹಾಗಾಗಿ ಇವತ್ತಿಗೂ ಕೈಯಲ್ಲಿರುವುದು ಅದೇ ಹಳೇ ಲೆಕ್ಕ. ಮನೆಯಿಲ್ಲದವರು ಮಲಗುವ ರಾತ್ರಿ ತಂಗುದಾಣಕ್ಕೆ ಸರ್ಕಾರದ ಅಳತೆ ಅಂದರೆ ಪೇಟೆಯ 1 ಲಕ್ಷ ಜನಸಂಖ್ಯೆಗೆ 100 ಜನ ಮಲಗುವಷ್ಟು ಜಾಗ. 2011ರಲ್ಲಿ ಕಾರವಾರದ ಜನಸಂಖ್ಯೆ 77 ಸಾವಿರದಷ್ಟಿತ್ತು, ಲಕ್ಷ ಮುಟ್ಟಿರಲಿಲ್ಲ. ನಮ್ಮಂಥ ಸಣ್ಣ ಊರಿನವರು ತಂಗುದಾಣ ಕೇಳಬೇಕಾದರೆ "ಇಷ್ಟು ಜನ ಹೊರಗೆ ಮಲಗುತ್ತಾರೆ" ಎಂಬ ಲೆಕ್ಕ ಕೈಯಲ್ಲಿರಬೇಕು.

ಪ್ರಶ್ನೆ: ನಾನು ಶಿರಸಿ ತಾಲೂಕಿನಲ್ಲಿ ಶಿಕ್ಷಕಿ. ಗಣತಿ ಕೆಲಸ ಬರಬಹುದು. ರಸ್ತೆ ಕೆಲಸಕ್ಕೆ ಬಂದವರು ತಾಡಪತ್ರಿ ಕಟ್ಟಿಕೊಂಡು ಇದ್ದಾರೆ. ಅದು ಮನೆಯೋ, ಅಲ್ಲವೋ?

ಉತ್ತರ: ಒಳ್ಳೇ ಪ್ರಶ್ನೆ ಟೀಚರ್. ತುಂಬಾ ಜನ ಎಡವುವುದು ಇಲ್ಲೇ.

ರಸ್ತೆ ಬದಿ, ಫುಟ್‌ಪಾತ್, ಮೇಲ್ಸೇತುವೆಯ ಕೆಳಗೆ, ಮೆಟ್ಟಿಲ ಕೆಳಗೆ, ಹ್ಯೂಮ್ ಪೈಪಿನಲ್ಲಿ, ಗುಡಿ ಮಂಟಪದಲ್ಲಿ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಬಯಲಲ್ಲೇ ಬದುಕುವವರು ಮನೆಯಿಲ್ಲದವರು. ಇದು ಗಣತಿಯ ವ್ಯಾಖ್ಯೆ. ಆದರೆ ಮನೆ ಪಟ್ಟಿಯಲ್ಲಿ ಗೋಡೆಗೂ ಚಾವಣಿಗೂ ಪ್ಲಾಸ್ಟಿಕ್, ಪಾಲಿಥಿನ್ ಎಂಬ ಉತ್ತರವೂ ಇದೆ. ಅಂದರೆ ಸುತ್ತ ಮರೆ ಮಾಡಿ, ಬಾಗಿಲಿನ ಹಾಗೆ ಒಂದು ಕಡೆ ಬಿಟ್ಟು, ಒಳಗೆ ಸಂಸಾರ ಹೂಡಿದ್ದರೆ ಆ ಗುಡಾರ ಗಣತಿಯಲ್ಲಿ ಮನೆಯೇ. ಬರೀ ಮೇಲೊಂದು ಹಾಳೆ ಎಳೆದು ನಾಲ್ಕೂ ಕಡೆ ಬಯಲಾಗಿದ್ದರೆ ಮನೆಯಿಲ್ಲದವರು. ನನಗೆ ಇದು ಸರಿ ಕಾಣುವುದಿಲ್ಲ. ಶಿರಸಿಯ ಮಳೆಯಲ್ಲಿ ಒಂದು ರಾತ್ರಿ ನಿಲ್ಲದ ಗುಡಾರವನ್ನು ಮನೆ ಅನ್ನಲು ಮನಸ್ಸು ಒಪ್ಪುವುದಿಲ್ಲ. ಆದರೂ ನೀವು ನಿಯಮದಂತೆಯೇ ಬರೆಯಿರಿ. ಒಬ್ಬೊಬ್ಬರು ಒಂದೊಂದು ಥರ ಬರೆದರೆ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ.

ಇನ್ನೊಂದು ಮಾತು. ಮಳೆಗಾಲ ಕಳೆದ ಮೇಲೆ ಎದ್ದ ಗುಡಾರಗಳು ಮೊದಲ ಹಂತದ ಪಟ್ಟಿಯಲ್ಲಿ ಇರುವುದಿಲ್ಲ. ಫೆಬ್ರವರಿಯಲ್ಲಿ ನಿಮ್ಮ ಬ್ಲಾಕ್, ಅಂದರೆ ಎಣಿಸಲು ನಿಮಗೆ ವಹಿಸಿದ ಜಾಗ, ಪೂರ್ತಿ ನಡೆದು ನೋಡಿ, ಹೊಸದನ್ನು ಸೇರಿಸಿ. ಮೊದಲ ಹಂತದ ನಕ್ಷೆ ನೆಚ್ಚಿಕೊಂಡರೆ ಆ ಸಂಸಾರ ಮನೆಯವರ ಲೆಕ್ಕ, ಮನೆಯಿಲ್ಲದವರ ಲೆಕ್ಕ ಎರಡೂ ಕಡೆ ತಪ್ಪಿಹೋಗುತ್ತದೆ.

ಹೊರಗೆ ಮಲಗಿದವರೆಲ್ಲ ಮನೆಯಿಲ್ಲದವರಲ್ಲ, ಇದನ್ನೂ ನೆನಪಿಡಿ. 2027ರಲ್ಲಿ ಶಿವರಾತ್ರಿ ಮಾರ್ಚ್ 6ಕ್ಕೆ. ಗೋಕರ್ಣದಲ್ಲಿ ಎಣಿಕೆಯ ರಾತ್ರಿ ಹೊತ್ತಿಗೆ ಯಾತ್ರಿಕರು ಬರಲು ಶುರುವಾಗಿರುತ್ತಾರೆ, ಗುಡಿ ಸುತ್ತ ಮಲಗುತ್ತಾರೆ. ಅವರಿಗೆ ಊರಿದೆ, ಮನೆಯಿದೆ. ಬೈತಖೋಲ ಬಂದರಿನಲ್ಲಿ ಬೋಟಿನಲ್ಲೇ ಮಲಗುವ ಖಲಾಸಿಗಳದ್ದು ಬೇರೆ ಕಥೆ. ಎಣಿಕೆಯ ಅಷ್ಟೂ ದಿನ ಅವರು ಊರಿಗೆ ಹೋಗದೇ ಇದ್ದರೆ, ಊರಿನ ಮನೆಯಲ್ಲಿ ಅವರನ್ನು ಎಣಿಸುವ ಹಾಗಿಲ್ಲ. ಸಿಕ್ಕಲ್ಲೇ ಎಣಿಸಬೇಕು. "ಮನೆ ಎಲ್ಲಿ? ಈ ತಿಂಗಳು ಅಲ್ಲಿ ಇದ್ರಾ? ಬೇರೆ ಎಲ್ಲಾದರೂ ಬರೆಸಿದ್ದೀರಾ?" ಈ ಮೂರು ಕೇಳಿದರೆ ಸಾಮಾನ್ಯವಾಗಿ ವಿಷಯ ತಿಳಿಯುತ್ತದೆ.

ಪ್ರಶ್ನೆ: ಕುಮಟಾದಲ್ಲಿ ನಮ್ಮ ಮನೆ ಹತ್ತಿರದ ಗುಡಿಯಲ್ಲಿ ಒಬ್ಬ ಅಮ್ಮ ಇರುತ್ತಾರೆ. ಆಧಾರ್ ಇಲ್ಲ, ವಯಸ್ಸು ಗೊತ್ತಿಲ್ಲ. ಹೆಸರು ಕೊಟ್ಟರೆ ಎಲ್ಲಿಗೋ ಕಳಿಸುತ್ತಾರೆ ಅಂತ ಹೆದರುತ್ತಾರೆ.

ಉತ್ತರ: ಗಣತಿಗೆ ಯಾವ ಕಾಗದವೂ ಬೇಡ. ಆಧಾರ್ ಇಲ್ಲದಿದ್ದರೂ ಎಣಿಸಲೇಬೇಕು. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಒಬ್ಬರು ಕೊಟ್ಟ ಮಾಹಿತಿಯನ್ನು ಬೇರೆಯವರು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. ಅಮ್ಮನಿಗೆ ಇದನ್ನು ನಿಮ್ಮ ಮಾತಿನಲ್ಲಿ, ನಾಲ್ಕಾರು ಸಲ ಹೇಳಿ. ಒಂದೇ ಸಲಕ್ಕೆ ಧೈರ್ಯ ಬರುವುದಿಲ್ಲ.

ವಯಸ್ಸನ್ನು ಅಂದಾಜು ಮಾಡಿ ಬರೆಯಬಹುದು. ನಮ್ಮ ಕಡೆ ಹಿರಿಯರಿಗೆ "ಗೋವಾ ಬಿಡುಗಡೆ ಆದಾಗ ನೀವು ಎಷ್ಟು ದೊಡ್ಡವರಿದ್ರಿ?" ಅಂತ ಕೇಳಿದರೆ ಲೆಕ್ಕ ಸಿಗುತ್ತದೆ. ಅದು 1961ರ ಡಿಸೆಂಬರ್. "ಶಾಲೆಗೆ ಹೋಗ್ತಿದ್ದೆ" ಅಂದರೂ ಸಾಕು, "ಹೊಟ್ಟೆಯಲ್ಲಿದ್ದೆ ಅಂತ ಆಯಿ ಹೇಳ್ತಿದ್ರು" ಅಂದರೂ ಸಾಕು. ಸಾಧ್ಯವಾದರೆ ಆ ರಾತ್ರಿ ನೀವು ಅಮ್ಮನ ಪಕ್ಕ ಕೂತಿರಿ. ಗುರುತಿನ ಮುಖ ಒಂದು ಪಕ್ಕದಲ್ಲಿದ್ದರೆ ಅವರು ಹೆಸರು ಹೇಳುತ್ತಾರೆ.