ಹಾರ್ಡ್ ಡಿಸ್ಕ್: ಕಂಪನಿಯ ಹೆಸರಿಗಿಂತ ಮಾಡೆಲ್ ನಂಬರ್ ಮುಖ್ಯ

ಮನೆಯವರ ಫೋಟೊ, ವಿಡಿಯೊಗಳನ್ನು ಇಟ್ಟುಕೊಳ್ಳಲು 4 ಅಥವಾ 8 ಟೆರಾಬೈಟಿನ ಹಾರ್ಡ್ ಡಿಸ್ಕ್ ಬೇಕಾಗಿದೆ, ಕಂಪ್ಯೂಟರ್ ಮಲಗುವ ಕೋಣೆಯಲ್ಲೇ ಇರುವುದರಿಂದ ಸದ್ದು ಕಡಿಮೆಯಿರಬೇಕು, ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಈ ಮೂರರಲ್ಲಿ ಬೆಲೆ, ಸದ್ದು, ಬಾಳಿಕೆ ಮೂರನ್ನೂ ಸೇರಿಸಿ ನೋಡಿದರೆ ಯಾವುದು ಮೇಲು ಎಂದು ಕೇಳಿದ್ದೀರಿ. ಜೊತೆಗೆ, ಸೀಗೇಟ್ ಬೇಗ ಕೆಡುತ್ತದೆ ಎಂದು ನಿಮ್ಮ ಗೆಳೆಯರೊಬ್ಬರು ಎಚ್ಚರಿಸಿರುವುದಾಗಿಯೂ ಬರೆದಿದ್ದೀರಿ. ವಿಡಿಯೊ ಸಂಕಲನ ಮಾಡುವ ಒಂದು ಸಣ್ಣ ತಂಡದ ಕಡತಗಳನ್ನು ಹನ್ನೆರಡು ವರ್ಷಗಳಿಂದ ನೋಡಿಕೊಳ್ಳುತ್ತಿರುವವನಾಗಿ ನಾನು ಹೇಳಬಹುದಾದದ್ದು ಇಷ್ಟು: ಯಾವ ಕಂಪನಿ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ, ಯಾವ ಮಾಡೆಲ್ ಎಂದು ಕೇಳಿದರೆ ಸಿಗುತ್ತದೆ.

ಗೆಳೆಯರ ಮಾತಿಗೆ ಆಧಾರವಿಲ್ಲವೆಂದಲ್ಲ. ಎಸ್‌ಟಿ3000ಡಿಎಂ001 ಎಂಬ ಸಂಖ್ಯೆಯ, 3 ಟೆರಾಬೈಟಿನ ಸೀಗೇಟ್ ಬ್ಯಾರಕುಡಾ ಡಿಸ್ಕುಗಳು ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಬ್ಯಾಕಪ್ ಕಂಪನಿಯ ಡೇಟಾ ಸೆಂಟರಿನಲ್ಲಿ ಅಸಾಮಾನ್ಯ ಪ್ರಮಾಣದಲ್ಲಿ ಕೆಟ್ಟವು. ಆ ಅಂಕಿಅಂಶಗಳು ಎಲ್ಲೆಡೆ ಹರಡಿ, 2016ರಲ್ಲಿ ಅಲ್ಲಿನ ಗ್ರಾಹಕರು ಸಾಮೂಹಿಕ ದಾವೆಯನ್ನೂ ಹೂಡಿದರು. ಆದರೆ ಅದೇ ಡೇಟಾ ಸೆಂಟರಿನಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದ ಅದೇ ಕಂಪನಿಯ 4 ಟೆರಾಬೈಟಿನ ಡಿಸ್ಕುಗಳು ಅದರ ಹತ್ತಿರಕ್ಕೂ ಬಾರದಷ್ಟು ಕಡಿಮೆ ಕೆಟ್ಟವು ಎಂಬ ಸಂಗತಿ ಅಷ್ಟು ಹರಡಲಿಲ್ಲ. ಇದಕ್ಕಿಂತ ಹಳೆಯ ಉದಾಹರಣೆಯೊಂದಿದೆ. 2000ದಲ್ಲಿ ಐಬಿಎಂ ಹೊರತಂದ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಎಷ್ಟು ಕುಖ್ಯಾತವಾಯಿತೆಂದರೆ ಜನ ಅದನ್ನು ಡೆತ್‌ಸ್ಟಾರ್ ಎಂದೇ ಕರೆದರು. ಐಬಿಎಂನ ಆ ವಿಭಾಗವನ್ನು ಹಿಟಾಚಿ ಕೊಂಡುಕೊಂಡು ಡೆಸ್ಕ್‌ಸ್ಟಾರ್ ಎಂಬ ಹೆಸರನ್ನೇ ಉಳಿಸಿಕೊಂಡಿತು. ಹತ್ತು ಹನ್ನೆರಡು ವರ್ಷಗಳ ನಂತರ ಬ್ಯಾಕ್‌ಬ್ಲೇಜ್‌ನ ಪಟ್ಟಿಯಲ್ಲಿ ಅತಿ ಕಡಿಮೆ ಕೆಟ್ಟವುಗಳ ಸಾಲಿನಲ್ಲಿ ನಿಂತದ್ದು ಅದೇ ಹೆಸರಿನ ಡಿಸ್ಕುಗಳು.

ಹೆಸರಿನ ಮೇಲೆ ಭಾರ ಹಾಕಬಾರದು ಎನ್ನಲು ಇನ್ನೊಂದು ಕಾರಣವೂ ಇದೆ. ಇಂದು ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ತಯಾರಿಸುವವರು ಆ ಮೂವರೇ, ಮತ್ತು ಅವರ ವಂಶಾವಳಿ ಒಂದರೊಳಗೊಂದು ಹೆಣೆದುಕೊಂಡಿದೆ. ಸೀಗೇಟ್ 2006ರಲ್ಲಿ ಮ್ಯಾಕ್ಸ್‌ಟರ್ ಅನ್ನೂ 2011ರಲ್ಲಿ ಸ್ಯಾಮ್‌ಸಂಗ್‌ನ ಹಾರ್ಡ್ ಡಿಸ್ಕ್ ವಿಭಾಗವನ್ನೂ ಕೊಂಡುಕೊಂಡಿತು. ಫುಜಿಟ್ಸು ತನ್ನ ವಿಭಾಗವನ್ನು 2009ರಲ್ಲಿ ತೋಷಿಬಾಕ್ಕೆ ಮಾರಿತು. 2012ರಲ್ಲಿ ವೆಸ್ಟರ್ನ್ ಡಿಜಿಟಲ್ ಹಿಟಾಚಿಯ ವಿಭಾಗವನ್ನು ಕೊಂಡಾಗ, ಸ್ಪರ್ಧೆ ಉಳಿಯಲೆಂದು ನಿಯಂತ್ರಣ ಸಂಸ್ಥೆಗಳು ಹಾಕಿದ ಷರತ್ತಿನಂತೆ ಮೂರೂವರೆ ಇಂಚಿನ ಡಿಸ್ಕುಗಳ ಕೆಲವು ತಯಾರಿಕಾ ಸೌಲಭ್ಯಗಳನ್ನು ತೋಷಿಬಾಕ್ಕೆ ಬಿಟ್ಟುಕೊಡಬೇಕಾಯಿತು. ಹೀಗಾಗಿ ಆ ಕಾಲದಲ್ಲಿ ತೋಷಿಬಾ ಡಿಸ್ಕ್ ಕೊಂಡ ಎಷ್ಟೋ ಜನರ ಮನೆಗೆ ಬಂದದ್ದು ಹಿಟಾಚಿಯ ವಿನ್ಯಾಸವೇ.

ಬಾಳಿಕೆಯ ಬಗ್ಗೆ ಕಂಪನಿಗಳು ಮುದ್ರಿಸುವ ಅಂಕಿಯನ್ನು ಓದುವ ಕ್ರಮ ತಿಳಿದಿರಬೇಕು. ಪೆಟ್ಟಿಗೆಯ ಮೇಲೋ ವಿವರಪಟ್ಟಿಯಲ್ಲೋ ಎಂಟಿಬಿಎಫ್ (ಎರಡು ಕೆಡುವಿಕೆಗಳ ನಡುವಿನ ಸರಾಸರಿ ಸಮಯ) 10 ಲಕ್ಷ ಗಂಟೆ ಎಂದಿದ್ದರೆ ಆ ಡಿಸ್ಕ್ 114 ವರ್ಷ ಬಾಳುತ್ತದೆ ಎಂದು ಅರ್ಥವಲ್ಲ. ಸಾವಿರ ಡಿಸ್ಕುಗಳನ್ನು ವರ್ಷವಿಡೀ ಓಡಿಸಿದರೆ ಒಂಬತ್ತರಷ್ಟು ಕೆಡಬಹುದು ಎಂಬುದು ತಯಾರಕರ ಅಂದಾಜು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ 2007ರಲ್ಲಿ ದೊಡ್ಡ ಕಂಪ್ಯೂಟರ್ ಕೇಂದ್ರಗಳ ದಾಖಲೆಗಳನ್ನು ಪರಿಶೀಲಿಸಿದಾಗ, ವರ್ಷಕ್ಕೆ ಬದಲಾಯಿಸಬೇಕಾಗಿ ಬಂದ ಡಿಸ್ಕುಗಳು ಸಾಮಾನ್ಯವಾಗಿ ಶೇ. 2ರಿಂದ 4ರಷ್ಟಿದ್ದವು, ಕೆಲವೆಡೆ ಶೇ. 13ರವರೆಗೂ ಹೋಗಿದ್ದವು. ಈಚಿನ ಸ್ಥಿತಿ ಇದಕ್ಕಿಂತ ಉತ್ತಮವಾಗಿದೆ: ಬ್ಯಾಕ್‌ಬ್ಲೇಜ್ ಪ್ರಕಟಿಸುವ ಪಟ್ಟಿಗಳಲ್ಲಿ ಎಲ್ಲ ಡಿಸ್ಕುಗಳ ಒಟ್ಟು ವಾರ್ಷಿಕ ಪ್ರಮಾಣ ಕೆಲವು ವರ್ಷಗಳಿಂದ ಶೇ. 1.5ರ ಆಸುಪಾಸಿನಲ್ಲಿದೆ. ಆ ಪಟ್ಟಿಯನ್ನು ಓದುವಾಗ ಕಂಪನಿವಾರು ಸರಾಸರಿಯನ್ನು ಬಿಟ್ಟು ಮಾಡೆಲ್‌ವಾರು ಸಾಲುಗಳನ್ನು ನೋಡಿ. ಒಂದೇ ಕಂಪನಿಯ ಒಂದು ಮಾಡೆಲ್ ಶೇ. 1ಕ್ಕಿಂತ ಬಹಳ ಕೆಳಗಿದ್ದು ಇನ್ನೊಂದು ಅದರ ಹಲವು ಪಟ್ಟು ಮೇಲಿರುವುದು ಅಲ್ಲಿ ಸಾಮಾನ್ಯ. ಅಲ್ಲಿರುವವು ಹೆಚ್ಚಾಗಿ ಸರ್ವರ್ ದರ್ಜೆಯ, ದೊಡ್ಡ ಗಾತ್ರದ ಡಿಸ್ಕುಗಳು ಎಂಬುದನ್ನೂ ಮರೆಯಬಾರದು, ಏಕೆಂದರೆ ನೀವು ಕೊಳ್ಳಬೇಕೆಂದಿರುವ ಮಾಡೆಲ್ ಆ ಪಟ್ಟಿಯಲ್ಲಿ ಇಲ್ಲದಿರುವ ಸಾಧ್ಯತೆಯೇ ಹೆಚ್ಚು.

ಒಂದೇ ಒಂದು ಡಿಸ್ಕ್ ಕೊಳ್ಳುವವರಿಗೆ ಶೇ. 1ಕ್ಕೂ ಶೇ. 2ಕ್ಕೂ ಇರುವ ಅಂತರ ಅನುಭವಕ್ಕೆ ಬರುವಂಥದ್ದಲ್ಲ. ನಮ್ಮ ತಂಡದಲ್ಲಿ ಒಮ್ಮೆ ಒಂದೇ ದಿನ, ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಡಿಸ್ಕುಗಳಲ್ಲಿ ಒಂದನ್ನು ಮೂಲಕ್ಕೂ ಇನ್ನೊಂದನ್ನು ಅದರ ಪ್ರತಿಗೂ ಬಳಸಿದ್ದೆವು. ಮೂರನೆಯ ವರ್ಷ ಮೊದಲನೆಯದು ಕೆಟ್ಟಿತು. ಅದನ್ನು ಬದಲಾಯಿಸಿ ಪ್ರತಿಯಿಂದ ನಕಲು ಮಾಡಿಕೊಳ್ಳುತ್ತಿದ್ದಾಗಲೇ, ಒಂಬತ್ತು ದಿನಗಳ ಅಂತರದಲ್ಲಿ, ಎರಡನೆಯದೂ ಓದಲು ತಡವರಿಸತೊಡಗಿತು. ಕಂಪನಿಯ ಹೆಸರು ಇಲ್ಲಿ ಬೇಡ, ಯಾರ ಡಿಸ್ಕಿಗೂ ಹೀಗಾಗಬಹುದು. ತಪ್ಪು ನಮ್ಮದೇ: ಒಂದೇ ಬ್ಯಾಚಿನಲ್ಲಿ ತಯಾರಾಗಿ, ಒಂದೇ ಪೆಟ್ಟಿಗೆಯಲ್ಲಿ ಸಾಗಿ ಬಂದು, ಒಂದೇ ರೀತಿ ದುಡಿದ ಅವಳಿಗಳನ್ನು ಒಂದಕ್ಕೊಂದು ಆಸರೆಯೆಂದು ನಂಬಿದ್ದೆವು. ವಾರಂಟಿಯಲ್ಲಿ ಹೊಸ ಡಿಸ್ಕುಗಳು ಬಂದವು, ಆದರೆ ಖಾಲಿ ಡಿಸ್ಕುಗಳು.

ಇನ್ನು ಬೆಲೆ. ಮೂರು ಕಂಪನಿಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಕಂಪನಿಯ ದರ್ಜೆಗಳ ನಡುವಿನ ವ್ಯತ್ಯಾಸ ದೊಡ್ಡದು. ಮಾಮೂಲಿ ಡೆಸ್ಕ್‌ಟಾಪ್ ದರ್ಜೆಗೆ (ಸೀಗೇಟ್ ಬ್ಯಾರಕುಡಾ, ಡಬ್ಲ್ಯುಡಿ ಬ್ಲೂ) ಸಾಮಾನ್ಯವಾಗಿ 2 ವರ್ಷದ ವಾರಂಟಿ. ನೆಟ್‌ವರ್ಕಿಗೆ ಜೋಡಿಸಿ ಹಲವರು ಹಂಚಿಕೊಳ್ಳುವ ಡಿಸ್ಕ್ ಪೆಟ್ಟಿಗೆಗೆಂದು ಮಾಡಿದ ನಾಸ್ ದರ್ಜೆಗೆ (ಐರನ್‌ವುಲ್ಫ್, ರೆಡ್ ಪ್ಲಸ್, ತೋಷಿಬಾ ಎನ್300) 3 ವರ್ಷ. ಪ್ರೊ ಮತ್ತು ಸರ್ವರ್ ದರ್ಜೆಗೆ 5 ವರ್ಷ. ಬೆಲೆಯನ್ನು ಡಿಸ್ಕಿಗೆ ಇಷ್ಟು ಎಂದು ನೋಡದೆ ಟೆರಾಬೈಟಿಗೆ ಇಷ್ಟು ಎಂದು ಭಾಗಿಸಿ ನೋಡಬೇಕು, ಮೇಲಾಗಿ ವಾರಂಟಿಯ ವರ್ಷಗಳಿಂದಲೂ ಭಾಗಿಸಿದರೆ ಅಗ್ಗ ಎನಿಸಿದ್ದು ಕೆಲವೊಮ್ಮೆ ಅಗ್ಗವಾಗಿ ಉಳಿಯುವುದಿಲ್ಲ. ಚಿಕ್ಕ ಡಿಸ್ಕುಗಳು ಟೆರಾಬೈಟಿನ ಲೆಕ್ಕದಲ್ಲಿ ಸಾಮಾನ್ಯವಾಗಿ ದುಬಾರಿ, ಏಕೆಂದರೆ ಒಳಗೆ ದತ್ತಾಂಶ ಬರೆಯುವ ತಟ್ಟೆ ಒಂದಿರಲಿ ಐದಿರಲಿ, ಮೋಟಾರು, ಲೋಹದ ಕವಚ, ಸರ್ಕ್ಯೂಟ್ ಬೋರ್ಡುಗಳಿಗೆ ತಗಲುವ ಖರ್ಚು ಹೆಚ್ಚುಕಡಿಮೆ ಒಂದೇ. 4 ಮತ್ತು 8ರ ನಡುವೆ ನೀವು ಅನುಮಾನಿಸುತ್ತಿದ್ದರೆ ಇದೊಂದೇ ಕಾರಣಕ್ಕೆ 8ರ ಕಡೆ ವಾಲಬಹುದು.

ಬೆಲೆ ಕಡಿಮೆಯಿರುವುದಕ್ಕೆ ಹಲವೊಮ್ಮೆ ಕಾರಣ ಎಸ್‌ಎಂಆರ್ ಎಂಬ ಬರೆಯುವ ವಿಧಾನ. ಮನೆಯ ಮಾಡಿಗೆ ಹೆಂಚು ಹೊದಿಸುವಾಗ ಒಂದರ ಅಂಚಿನ ಮೇಲೆ ಇನ್ನೊಂದು ಕೂರುವಂತೆ, ಇದರಲ್ಲಿ ದತ್ತಾಂಶದ ಪಥಗಳು ಒಂದರ ಮೇಲೊಂದು ಭಾಗಶಃ ಹೊದ್ದಿರುತ್ತವೆ. ಜಾಗ ಉಳಿಯುತ್ತದೆ, ಆದರೆ ನಡುವಿನ ಒಂದು ಹೆಂಚನ್ನು ಬದಲಿಸಬೇಕಾದರೆ ಅಕ್ಕಪಕ್ಕದವನ್ನೂ ಎತ್ತಿ ಮತ್ತೆ ಕೂರಿಸಬೇಕಾಗುತ್ತದೆ. ಹೊದಿಕೆಯಿಲ್ಲದ ಹಳೆಯ ವಿಧಾನಕ್ಕೆ ಸಿಎಂಆರ್ ಎನ್ನುತ್ತಾರೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ನಾಸ್ ದರ್ಜೆಯ ರೆಡ್ ಡಿಸ್ಕುಗಳಲ್ಲಿ ಕೆಲವನ್ನು ಗ್ರಾಹಕರಿಗೆ ತಿಳಿಸದೆಯೇ ಎಸ್‌ಎಂಆರ್‌ಗೆ ಬದಲಾಯಿಸಿದ್ದು ಬಯಲಾಗಿ, ಗದ್ದಲವೆದ್ದ ಮೇಲೆ ಸಿಎಂಆರ್ ಡಿಸ್ಕುಗಳನ್ನು ರೆಡ್ ಪ್ಲಸ್ ಎಂದು ಬೇರ್ಪಡಿಸಿತು. ಹೊರಗಿನಿಂದ ನೋಡಿದರೆ ಒಂದೇ ಕೆಂಪು ಲೇಬಲ್ ಹೊತ್ತ 4 ಟೆರಾಬೈಟಿನ ಎರಡು ಡಿಸ್ಕುಗಳಲ್ಲಿ ಇಎಫ್‌ಆರ್‌ಎಕ್ಸ್ ಎಂದು ಮುಗಿಯುವ ಸಂಖ್ಯೆಯದು ಸಿಎಂಆರ್, ಇಎಫ್‌ಎಎಕ್ಸ್ ಎಂದು ಮುಗಿಯುವುದು ಎಸ್‌ಎಂಆರ್. ಸೀಗೇಟ್‌ನ 4 ಮತ್ತು 8 ಟೆರಾಬೈಟಿನ ಬ್ಯಾರಕುಡಾಗಳೂ ಎಸ್‌ಎಂಆರ್, ಐರನ್‌ವುಲ್ಫ್ ಸಾಲಿನಲ್ಲಿ ಆ ವಿಧಾನವನ್ನು ಬಳಸಿಲ್ಲ. ಇಷ್ಟೆಲ್ಲ ಹೇಳಿದರೂ ಎಸ್‌ಎಂಆರ್ ಎಂದರೆ ಮುಟ್ಟಲೇಬಾರದ ವಸ್ತುವೆಂಬ ಅಭಿಪ್ರಾಯ ನನ್ನದಲ್ಲ. ಒಮ್ಮೆ ಬರೆದು ಮತ್ತೆ ಮತ್ತೆ ನೋಡುವ ಫೋಟೊಗಳಿಗೆ ಅದು ಸಾಕು. ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ಹಲವು ಡಿಸ್ಕುಗಳನ್ನು ಒಂದಾಗಿ, ಅಂದರೆ ರೇಡ್ ಆಗಿ, ಜೋಡಿಸುವವರು ಮಾತ್ರ ಅದರಿಂದ ದೂರವಿರಬೇಕು, ಏಕೆಂದರೆ ಒಂದು ಡಿಸ್ಕ್ ಕೆಟ್ಟು ಮರುಜೋಡಣೆ ನಡೆಯುವ ಹೊತ್ತಿನಲ್ಲಿ ಅದು ತೆವಳತೊಡಗುತ್ತದೆ.

ನಿಮಗೆ ನಿಜವಾಗಿ ಮುಖ್ಯವಾದದ್ದು ಸದ್ದು ಎಂದು ನನಗನ್ನಿಸುತ್ತದೆ. ಬಾಳಿಕೆ ಅದೃಷ್ಟದ ಮಾತಾದರೂ, ಸದ್ದನ್ನು ಕೊಳ್ಳುವ ಮೊದಲೇ ಬಹುಮಟ್ಟಿಗೆ ಊಹಿಸಬಹುದು. ಡಿಸ್ಕಿನ ಸದ್ದು ಒಂದೇ ಬಗೆಯದಲ್ಲ. ಮೊದಲನೆಯದು ತಟ್ಟೆಗಳು ತಿರುಗುವ ನಿರಂತರ ಗುಂಯ್‌ಗುಡುವಿಕೆ: ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕಿನ ಮೂಲ ಕಂಪನ ಸೆಕೆಂಡಿಗೆ 90, 7200 ಸುತ್ತಿನದಕ್ಕೆ 120. ಡಿಸ್ಕಿಗಿಂತ ಹೆಚ್ಚಾಗಿ ಅದನ್ನು ಬಿಗಿದ ತಗಡಿನ ಪೆಟ್ಟಿಗೆಯೇ ಈ ಕಂಪನವನ್ನು ಹಾಡುತ್ತದೆ. ಸ್ಕ್ರೂಗಳ ಬುಡಕ್ಕೆ ರಬ್ಬರ್ ಬುಷ್ ಹಾಕಿದರೆ ಮತ್ತು ಪೆಟ್ಟಿಗೆಯನ್ನು ಮೇಜಿನಿಂದ ಇಳಿಸಿ ನೆಲದ ಮೇಲೆ ದಪ್ಪ ಬಟ್ಟೆಯ ಮೇಲಿಟ್ಟರೆ ಆಗುವ ಲಾಭ ಕಂಪನಿ ಬದಲಾಯಿಸಿದರೂ ಆಗದು. ಎರಡನೆಯದು ದತ್ತಾಂಶವನ್ನು ಓದಿ ಬರೆಯುವ ಹೆಡ್ ಅತ್ತಿತ್ತ ಓಡಾಡುವಾಗಿನ ಗರಗರ ಸದ್ದು. ನಿದ್ದೆ ಕೆಡಿಸುವುದು ಇದೇ, ಏಕೆಂದರೆ ಕಿವಿ ನಿರಂತರ ಸದ್ದಿಗೆ ಹೊಂದಿಕೊಂಡಷ್ಟು ಸುಲಭವಾಗಿ ಆಗಾಗ ಬರುವ ಸದ್ದಿಗೆ ಹೊಂದಿಕೊಳ್ಳುವುದಿಲ್ಲ.

ವಿವರಪಟ್ಟಿಯಲ್ಲಿ ಎರಡು ಡೆಸಿಬೆಲ್ ಅಂಕಿಗಳಿರುತ್ತವೆ, ಒಂದು ಸುಮ್ಮನೆ ತಿರುಗುವಾಗಿನದು, ಇನ್ನೊಂದು ಹೆಡ್ ಓಡಾಡುವಾಗಿನದು. ಹೀಲಿಯಂ ತುಂಬಿದ ದೊಡ್ಡ ಡಿಸ್ಕುಗಳಲ್ಲಿ ಮೊದಲನೆಯದು 20 ಎಂದಿದ್ದು ಎರಡನೆಯದು 36 ಎಂದಿರುವುದುಂಟು. ಹೀಲಿಯಂ ಗಾಳಿಗಿಂತ ಸುಮಾರು ಏಳು ಪಟ್ಟು ಹಗುರವಾದ್ದರಿಂದ ತಟ್ಟೆಗಳು ಹೆಚ್ಚು ಸದ್ದಿಲ್ಲದೆ ತಿರುಗುತ್ತವೆ ನಿಜ, ಆದರೆ ಹೆಡ್ ಓಡಾಟದ ಸದ್ದಿಗೆ ಹೀಲಿಯಂನಿಂದ ಪರಿಹಾರವಿಲ್ಲ. 10 ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳುತ್ತದೆ, ಆದ್ದರಿಂದ 20ಕ್ಕೂ 36ಕ್ಕೂ ಇರುವ ಅಂತರ ಕಾಗದದ ಮೇಲೆ ಕಾಣುವುದಕ್ಕಿಂತ ದೊಡ್ಡದು. ವೆಸ್ಟರ್ನ್ ಡಿಜಿಟಲ್‌ನ ಕೆಲವು ದೊಡ್ಡ ಡಿಸ್ಕುಗಳಲ್ಲಿ ಮೂರನೆಯ ಬಗೆಯ ಸದ್ದೂ ಇದೆ: ಕೆಲಸವಿಲ್ಲದಾಗಲೂ ಸುಮಾರು 5 ಸೆಕೆಂಡಿಗೊಮ್ಮೆ ಟಕ್ ಎನ್ನುತ್ತವೆ. ಅದು ದೋಷವಲ್ಲ, ಹೆಡ್ ಒಂದೇ ಜಾಗದ ಮೇಲೆ ನಿಂತು ಸವೆಯದಿರಲೆಂದು ಮಾಡಿದ ಏರ್ಪಾಡು. ಆದರೆ ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಕೇಳುವವರಿಗೆ ಈ ವಿವರಣೆಯಿಂದ ಸಮಾಧಾನವಾಗುವುದು ಕಷ್ಟ.

ಸುತ್ತಿನ ವೇಗದ ವಿಷಯದಲ್ಲಿಯೂ ಲೇಬಲನ್ನು ನಂಬಿ ಕೂರುವಂತಿಲ್ಲ. 5400 ಆರ್‌ಪಿಎಂ ಕ್ಲಾಸ್ ಎಂದು ಮಾರಾಟವಾಗುತ್ತಿದ್ದ ವೆಸ್ಟರ್ನ್ ಡಿಜಿಟಲ್‌ನ ಕೆಲವು ಡಿಸ್ಕುಗಳು ವಾಸ್ತವದಲ್ಲಿ 7200 ಸುತ್ತು ತಿರುಗುತ್ತಿದ್ದುದನ್ನು 2020ರಲ್ಲಿ ಬಳಕೆದಾರರು ಪತ್ತೆಹಚ್ಚಿದ್ದು ಮೈಕ್ ಹಿಡಿದು: ಧ್ವನಿಮುದ್ರಣದಲ್ಲಿ ಸೆಕೆಂಡಿಗೆ 90ರ ಬದಲು 120ರ ಕಂಪನ ಎದ್ದು ಕಾಣುತ್ತಿತ್ತು. ಇಂದಿಗೂ 8 ಟೆರಾಬೈಟಿನ ರೆಡ್ ಪ್ಲಸ್ ಎಂಬ ಒಂದೇ ಹೆಸರಿನಡಿ ಬಂದಿರುವ ಡಿಸ್ಕುಗಳಲ್ಲಿ ಡಬ್ಲ್ಯುಡಿ80ಇಎಫ್‌ಬಿಎಕ್ಸ್ 7200 ಸುತ್ತಿನದು, ಡಬ್ಲ್ಯುಡಿ80ಇಎಫ್‌ಪಿಎಕ್ಸ್ 5640 ಸುತ್ತಿನದು. ತೋಷಿಬಾ ಎನ್300 ಮತ್ತು 8 ಟೆರಾಬೈಟಿನ ಐರನ್‌ವುಲ್ಫ್‌ಗಳಲ್ಲಿ ಎಸ್‌ಟಿ8000ವಿಎನ್004 ಎರಡೂ 7200 ಸುತ್ತಿನವು. ಕೆಲಸದಲ್ಲಿ ಗಟ್ಟಿಗರು, ಆದರೆ ತಲೆದಿಂಬಿನ ಬಳಿಗೆ ತಕ್ಕವಲ್ಲ.

ಹೀಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ ಕಂಪ್ಯೂಟರಿನೊಳಗೆ 5640 ಸುತ್ತಿನ 8 ಟೆರಾಬೈಟಿನ ರೆಡ್ ಪ್ಲಸ್ ಹಾಕಿಸುತ್ತಿದ್ದೆ. ಅದರ ಬೆಲೆ ಹೆಚ್ಚೆನಿಸಿದರೆ 5400 ಸುತ್ತಿನ 4 ಟೆರಾಬೈಟಿನ ಐರನ್‌ವುಲ್ಫ್. ಎರಡನೆಯ ಪ್ರತಿಗೆ ಬೇರೆ ಕಂಪನಿಯ, ಯುಎಸ್‌ಬಿಯಿಂದ ಜೋಡಿಸುವ ಅಗ್ಗದ ಡಿಸ್ಕ್ ಸಾಕು, ಅದು ಎಸ್‌ಎಂಆರ್ ಆದರೂ ಚಿಂತೆಯಿಲ್ಲ. ತಿಂಗಳಿಗೊಮ್ಮೆ ಜೋಡಿಸಿ, ನಕಲು ಮಾಡಿ, ಕಿತ್ತು ಬೇರೆ ಕೋಣೆಯಲ್ಲಿಟ್ಟರೆ ಅದರ ಸದ್ದಿನ ಪ್ರಶ್ನೆಯೂ ಏಳುವುದಿಲ್ಲ. ಹಣ ಒಂದು ಉತ್ತಮ ಡಿಸ್ಕಿಗೆ ಅಥವಾ ಎರಡು ಸಾಧಾರಣ ಡಿಸ್ಕುಗಳಿಗೆ ಮಾತ್ರ ಸಾಲುವುದಾದರೆ ಹಿಂದೆ ಮುಂದೆ ನೋಡದೆ ಎರಡು ಸಾಧಾರಣ ಡಿಸ್ಕುಗಳನ್ನೇ ಕೊಳ್ಳಿ.

ಡಿಸ್ಕ್ ಕೈಗೆ ಬಂದ ದಿನವೇ ಅದು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ವಿವರಗಳನ್ನು ತೆರೆದು ಎಷ್ಟು ಗಂಟೆ ಓಡಿದೆ ಎಂದು ನೋಡಿ, ಹೊಸದಕ್ಕೆ ಸೊನ್ನೆ ಅಥವಾ ಅದರ ಆಸುಪಾಸಿನ ಅಂಕಿಯಿರಬೇಕು. ಡೇಟಾ ಸೆಂಟರುಗಳಲ್ಲಿ ದುಡಿದು ಬಂದ ಸೀಗೇಟ್ ಡಿಸ್ಕುಗಳ ಈ ಅಂಕಿಯನ್ನು ಅಳಿಸಿ ಹೊಸದೆಂದು ಮಾರಿದ ವಂಚನೆ 2025ರ ಆರಂಭದಲ್ಲಿ ಬೆಳಕಿಗೆ ಬಂತು; ಆ ಕಂಪನಿಯ ಡಿಸ್ಕುಗಳಲ್ಲಿ ಫಾರ್ಮ್ ಎಂಬ ಪ್ರತ್ಯೇಕ ದಾಖಲೆಯೊಂದಿದ್ದು, ಸ್ಮಾರ್ಟ್ ವಿವರಗಳನ್ನು ತೋರಿಸುವ ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶದ ಹೊಸ ಆವೃತ್ತಿ ಅದನ್ನೂ ಓದಿ ತೋರಿಸುವುದರಿಂದ ಎರಡೂ ಅಂಕಿಗಳನ್ನು ಹೋಲಿಸಬಹುದು. ಸೀಗೇಟ್‌ನಲ್ಲಿ ಓದುವ ದೋಷದ ಮೂಲ ಅಂಕಿ ಕೋಟಿಗಟ್ಟಲೆ ಕಾಣಿಸಿದರೆ ಗಾಬರಿಯಾಗಬೇಡಿ, ಅವರು ಆ ಅಂಕಿಯನ್ನು ಬರೆಯುವ ಕ್ರಮವೇ ಹಾಗೆ. ನೋಡಬೇಕಾದ್ದು ಬದಲಾಯಿಸಿದ ಸೆಕ್ಟರುಗಳು (ಕೆಟ್ಟದ್ದರಿಂದ ಬದಲಿ ಜಾಗ ಕೊಟ್ಟ ತುಣುಕುಗಳು) ಮತ್ತು ಬಾಕಿಯಿರುವ ಸೆಕ್ಟರುಗಳು (ಓದಲಾಗದೆ ತೀರ್ಮಾನಕ್ಕೆ ಕಾದಿರುವ ತುಣುಕುಗಳು), ಎರಡೂ ಸೊನ್ನೆಯಾಗಿರಬೇಕು. 2007ರಲ್ಲಿ ಗೂಗಲ್ ತನ್ನ ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿದಾಗ, ಮೇಲ್ಮೈಯನ್ನು ತಾನೇ ಪರೀಕ್ಷಿಸಿಕೊಳ್ಳುವಾಗ ಮೊದಲ ಸ್ಕ್ಯಾನ್ ದೋಷ ಕಾಣಿಸಿದ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ಇತರ ಡಿಸ್ಕುಗಳಿಗಿಂತ 39 ಪಟ್ಟು ಹೆಚ್ಚು ಎಂದು ಕಂಡುಬಂತು. ಹಾಗೆಯೇ ಕೆಟ್ಟವುಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಯಾವ ಸುಳಿವನ್ನೂ ಕೊಡದೆ ಕೆಟ್ಟಿದ್ದವು ಎಂಬುದೂ ಅದರಲ್ಲೇ ಇದೆ. ಆಮೇಲೆ ಇಡೀ ಡಿಸ್ಕನ್ನು ಒಮ್ಮೆ ತುಂಬ ಬರೆದು ಪೂರ್ತಿ ಓದಿಸಿ. 8 ಟೆರಾಬೈಟಿಗೆ ಬರೆಯಲು ಅರ್ಧ ದಿನ, ಓದಲು ಇನ್ನರ್ಧ ದಿನ ಹಿಡಿಯುತ್ತದೆ, ಸದ್ದು ಹೇಗಿದೆ ಎಂಬುದೂ ಆಗಲೇ ತಿಳಿಯುತ್ತದೆ. ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಇದನ್ನು ಮಾಡಿ ಮುಗಿಸಿ, ಅಲ್ಲಿಯವರೆಗೆ ಹಳೆಯ ಡಿಸ್ಕಿನಿಂದ ಒಂದು ಫೋಟೊವನ್ನೂ ಅಳಿಸಬೇಡಿ.