ಒದ್ದೆ ಶೂ, ತಣ್ಣನೆ ಕಾಲು: ಸೈಕಲ್ ಸವಾರರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಕಾಲಿನ ಬಗ್ಗೆಯೇ. ಚಳಿಗಾಲದ ಮಳೆ ಅಂದರೆ ಹಾಗೇ. ಜೂನ್‌ನಲ್ಲಿ ನೆನೆದರೆ ಯಾರೂ ಚಿಂತೆ ಮಾಡಲ್ಲ, ಡಿಸೆಂಬರ್‌ನಲ್ಲಿ ನೆನೆದರೆ ಇಡೀ ದಿನ ಬೆರಳು ಮರಗಟ್ಟಿದ ಹಾಗಿರುತ್ತದೆ.

ಪ್ರಶ್ನೆ: ಮೇಡಂ, ಭಾನುವಾರ ಬೆಳಗ್ಗೆ ಆವಲಹಳ್ಳಿ ಕಾಡಿನ ಕಡೆ ಮೌಂಟನ್ ಬೈಕ್ ಓಡಿಸುತ್ತೇನೆ. ಡಿಸೆಂಬರ್‌ನ ಜಿಟಿಜಿಟಿ ಮಳೆಗೆ ಅಂತಲೇ ವಾಟರ್‌ಪ್ರೂಫ್ ಶೂ ತಗೊಂಡೆ. ದುಡ್ಡು ಜಾಸ್ತಿನೇ ಆಯ್ತು. ಆದರೂ ಒಂದು ಗಂಟೆ ಓಡಿಸುವಷ್ಟರಲ್ಲಿ ಒಳಗೆ ಪಚಪಚ ಅನ್ನುತ್ತದೆ. ಅಂಗಡಿಯವರು ಮೋಸ ಮಾಡಿದ್ರಾ?
— ಓದುಗರು, ಯಲಹಂಕ

ಉತ್ತರ: ಮೋಸ ಆಗಿರಲಿಕ್ಕಿಲ್ಲ. ಶೂ ತನ್ನ ಕೆಲಸ ಮಾಡಿದೆ, ನೀರು ಬೇರೆ ದಾರಿಯಲ್ಲಿ ಒಳಗೆ ಬಂದಿದೆ. ಆ ದಾರಿ ಯಾವುದು ಅಂತ ನೋಡದೆ ಇನ್ನೊಂದು ಶೂ ತಗೊಂಡರೂ ಇದೇ ಕಥೆ ಆಗುತ್ತದೆ.

ಮೊದಲು ಮುಂದಿನ ಚಕ್ರ ನೋಡಿ. ಸೋನೆ ಮಳೆಯಲ್ಲಿ ಮೇಲಿನಿಂದ ಬೀಳುವ ನೀರು ನಿಜವಾಗಿ ಕಡಿಮೆ. ಕಾಲನ್ನು ತೋಯಿಸುವುದು ಮುಂದಿನ ಚಕ್ರ ಎತ್ತಿ ಎಸೆಯುವ ನೀರು. ಒಂದು ಕೆಂಪು ಹೊಂಡದ ಮೇಲೆ ಸ್ವಲ್ಪ ಜೋರಾಗಿ ಹೋಗಿ, ಆಮೇಲೆ ನಿಲ್ಲಿಸಿ ಶೂ ನೋಡಿ. ಲೇಸ್ ಇರುವ ಜಾಗ, ನಾಲಿಗೆಯ ಎರಡೂ ಪಕ್ಕ, ಹೆಬ್ಬೆರಳಿನ ಮೇಲ್ಭಾಗ ಕೆಂಪಾಗಿರುತ್ತದೆ. ಹಿಮ್ಮಡಿ ಬಹಳ ಮಟ್ಟಿಗೆ ಸ್ವಚ್ಛವಾಗೇ ಇರುತ್ತದೆ. ಮಳೆ ಸುಮ್ನೆ ಮೇಲಿನಿಂದ ಬಿದ್ದಿದ್ದರೆ ಹೀಗೆ ಮುಂದೆ ಮಾತ್ರ ಕೆಸರು ಹಿಡಿಯುತ್ತಿರಲಿಲ್ಲ, ಅಲ್ವಾ?

ಆದ್ದರಿಂದ ಶೂಗಿಂತ ಮೊದಲು ಮುಂದಿನ ಮಡ್‌ಗಾರ್ಡ್. ನಮ್ಮ ಮೌಂಟನ್ ಬೈಕ್‌ಗಳಿಗೆ ಜನ ಹಾಕಿಸುವ ಆ ಪುಟ್ಟ ಪ್ಲಾಸ್ಟಿಕ್ ತುಂಡು, ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಮಧ್ಯೆ ಕಟ್ಟುವುದು, ಮುಖಕ್ಕೆ ಕೆಸರು ಹಾರದಂತೆ ನೋಡಿಕೊಳ್ಳುತ್ತದೆ ಅಷ್ಟೆ. ಕಾಲಿಗೆ ಅದರಿಂದ ಹೆಚ್ಚು ಉಪಯೋಗ ಇಲ್ಲ. ಕಾಲು ಉಳಿಯಬೇಕಾದರೆ ಚಕ್ರದ ಹಿಂಭಾಗದಲ್ಲಿ, ಅಂದರೆ ಪೆಡಲ್ ಕಡೆಗೆ, ಮಡ್‌ಗಾರ್ಡ್ ಕೆಳಗಿನವರೆಗೂ ಇಳಿಯಬೇಕು. ಉದ್ದದ್ದು ಸಿಗದಿದ್ದರೆ ಇರುವುದರ ತುದಿಗೆ ಒಂದು ರಬ್ಬರ್ ಫ್ಲ್ಯಾಪ್ ಜೋಡಿಸಿ, ಸ್ಕೂಟರ್‌ಗೆ ಹಾಕುತ್ತಾರಲ್ಲ ಆ ಥರದ್ದು. ಡೌನ್ ಟ್ಯೂಬ್‌ಗೆ, ಅಂದರೆ ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆಗೆ, ಕೆಳಗಿನಿಂದ ಕಟ್ಟುವ ಅಗಲವಾದ ಗಾರ್ಡ್ ಕೂಡ ಒಳ್ಳೆಯದೇ. ಒಂದು ಎಚ್ಚರಿಕೆ ಇದೆ. ನಮ್ಮ ಕಡೆಯ ಕೆಮ್ಮಣ್ಣು ಒದ್ದೆಯಾದರೆ ಟೈರ್‌ಗೆ ಅಂಟಿಕೊಂಡು ದಪ್ಪ ಆಗುತ್ತಾ ಹೋಗುತ್ತದೆ. ಟೈರ್‌ಗೂ ಮಡ್‌ಗಾರ್ಡ್‌ಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಬಿಡಿ, ಇಲ್ಲದಿದ್ದರೆ ಕೆಸರು ಕಚ್ಚಿಕೊಂಡು ಚಕ್ರವೇ ನಿಂತುಬಿಡುತ್ತದೆ. ಮಣ್ಣು ಅಷ್ಟೊಂದು ಮೆತ್ತಗಾಗಿದ್ದರೆ ಆವತ್ತು ಟ್ರೇಲ್‌ಗೆ ಹೋಗಲೇಬೇಡಿ ಅಂತಲೂ ಹೇಳುತ್ತೇನೆ. ನೀವು ಬಿಟ್ಟು ಬಂದ ಗಾಡಿ ಜಾಡು ಒಣಗಿ ಗಟ್ಟಿಯಾಗಿ, ಮುಂದಿನ ಮಳೆಯ ನೀರು ಅದರಲ್ಲೇ ಹರಿದು, ದಾರಿ ಕೊರಕಲಾಗುತ್ತದೆ.

ಎರಡನೆಯ ದಾರಿ ಮೇಲಿನದು. ಇದು ವಾಟರ್‌ಪ್ರೂಫ್ ಶೂ ಹಾಕುವ ಎಲ್ಲರಿಗೂ ಅನ್ವಯ. ಮೊಣಕಾಲಿನಿಂದ ಇಳಿದ ನೀರು ಮೀನಖಂಡ ಹಿಡಿದು, ಸಾಕ್ಸ್‌ಗೆ ಇಂಗಿ, ಸೀದಾ ಶೂ ಒಳಗೆ ಹೋಗುತ್ತದೆ. ಮಾಮೂಲಿ ಶೂ ಆದರೆ ಆ ನೀರು ಹೇಗೋ ಹೊರಗೆ ಹೋಗುತ್ತದೆ. ವಾಟರ್‌ಪ್ರೂಫ್ ಶೂನಲ್ಲಿ ಕೊಡದಲ್ಲಿ ನಿಂತ ಹಾಗೆ ಅಲ್ಲೇ ನಿಲ್ಲುತ್ತದೆ. ನಿಮ್ಮ ಪಚಪಚ ಬಹುಶಃ ಇದೇ. ಮಳೆ ಪ್ಯಾಂಟ್ ಹಾಕಿ, ಅದರ ತುದಿಯನ್ನು ಶೂ ಬಾಯಿಯ ಹೊರಗೆ ಬರುವಂತೆ ಇಳಿಬಿಟ್ಟು ವೆಲ್ಕ್ರೋ ಪಟ್ಟಿಯಿಂದ ಬಿಗಿ ಮಾಡಿ. ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಬೇಡಿ. ಚೈನ್‌ಗೆ ಸಿಕ್ಕಬಾರದು ಅಂತ ಬಹಳ ಜನ ಹಾಗೆ ಮಾಡುತ್ತಾರೆ, ಅದು ನೀರಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಚಡ್ಡಿ ಹಾಕಿಯೇ ಓಡಿಸುವವರಾದರೆ ಕಣಕಾಲಿನ ಸುತ್ತ ಗೇಟರ್, ಅಂದರೆ ಶೂ ಬಾಯಿ ಮುಚ್ಚುವ ಪಟ್ಟಿ, ಕಟ್ಟಿ.

ಮೂರನೆಯದು ಅಡಿಯಿಂದ. ನಿಮ್ಮದು ಕ್ಲೀಟ್ (ಶೂ ಅಡಿಯಲ್ಲಿ ಕೂತು ಪೆಡಲ್‌ಗೆ ಕಚ್ಚಿಕೊಳ್ಳುವ ತುಂಡು) ಹಾಕುವ ಶೂ ಆಗಿದ್ದರೆ ಇನ್ಸೋಲ್, ಅಂದರೆ ಒಳಗಿನ ಮೆತ್ತೆ, ಎತ್ತಿ ನೋಡಿ. ಕ್ಲೀಟ್ ಕೂರುವ ಜಾಗದಲ್ಲಿ ಎರಡು ಉದ್ದನೆಯ ಕಿಂಡಿ ಇರುತ್ತವೆ. ಕೆಲವು ಕಂಪನಿಯವರು ಅದಕ್ಕೆ ಒಂದು ಸ್ಟಿಕ್ಕರ್ ಕೊಟ್ಟಿರುತ್ತಾರೆ, ಜನ ಅದನ್ನು ಡಬ್ಬದಲ್ಲೇ ಬಿಟ್ಟುಬಿಡುತ್ತಾರೆ. ಅದು ಇಲ್ಲದಿದ್ದರೆ ದಪ್ಪ ಡಕ್ಟ್ ಟೇಪ್ ಎರಡು ಪದರ ಅಂಟಿಸಿದರೂ ಸಾಕು. ಅಂಟಿಸುವ ಮುಂಚೆ ಆ ಜಾಗ ಪೂರ್ತಿ ಒಣಗಿರಲಿ. ಬೋಲ್ಟ್‌ಗಳಿಗೆ ಸ್ವಲ್ಪ ಗ್ರೀಸ್ ಹಚ್ಚಿ, ತುಕ್ಕು ಹಿಡಿದರೆ ಆಮೇಲೆ ಬಿಚ್ಚುವುದು ದೊಡ್ಡ ತಲೆನೋವು.

ಇನ್ನೂ ಒಂದು ನೀರು ಇದೆ, ನಿಮ್ಮದೇ ಬೆವರು. ಶೂನಲ್ಲಿರುವ ಗೋರ್‌ಟೆಕ್ಸ್ ಥರದ ಪದರ ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ, ನಿಜ. ಆದರೆ ಹೊರಮೈ ಒದ್ದೆಯಾಗಿ ಕೆಸರು ಮೆತ್ತಿಕೊಂಡರೆ ಆ ಕೆಲಸ ಬಹಳ ನಿಧಾನ ಆಗುತ್ತದೆ. ಅದಕ್ಕೇ ಹತ್ತಿ ಸಾಕ್ಸ್ ಬೇಡ ಅನ್ನುವುದು. ಹತ್ತಿ ನೀರು ಕುಡಿದು ಹಾಗೇ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾ ತೇವ ಹೀರಿಕೊಂಡರೂ ಅಷ್ಟಾಗಿ ಒದ್ದೆ ಅನ್ನಿಸುವುದಿಲ್ಲ. ಮೆರಿನೋ ಉಣ್ಣೆಯ ತೆಳು ಸಾಕ್ಸ್ ದುಬಾರಿ, ಆದರೆ ನಾನು ಕಾಲಿಗೆ ಅಂತ ಒಂದೇ ಒಂದು ವಸ್ತು ಕೊಳ್ಳಿ ಎಂದರೆ ಅದನ್ನೇ ಹೇಳುತ್ತೇನೆ.

ಕೊನೆಗೆ ಒಂದು ಮಾತು. ಬೆಂಗಳೂರಿನ ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ, ಕಾಲು ಒಣಗಿರಬೇಕು ಅನ್ನುವ ಹಟವನ್ನೇ ಬಿಡಿ. ಗಾಳಿ ಬೆಚ್ಚಗಿರುತ್ತದೆ, ಜಾಳಿಗೆ ಶೂ ಹಾಕಿ, ನೀರು ಬರಲಿ, ಹೋಗಲಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ಇಲ್ಲಿ ಬಿಸಿಲೇ ಕಾಣದೆ ತುಂತುರು ಹಿಡಿಯುತ್ತದಲ್ಲ, 2022ರ ಡಿಸೆಂಬರ್‌ನಲ್ಲಿ ಮಾಂಡೌಸ್, 2024ರಲ್ಲಿ ಫೆಂಗಲ್ ಬಂದಾಗ ಆದ ಹಾಗೆ, ಈ ಎಲ್ಲ ತಯಾರಿ ಬೇಕಾಗುವುದು ಆವಾಗ. ನಂದಿ ಬೆಟ್ಟಕ್ಕೆ ಹೋಗುವವರಿಗಂತೂ ಬೇಕೇ ಬೇಕು. ಬೆಟ್ಟದ ತುದಿ 1,478 ಮೀಟರ್, ನಮ್ಮ ಊರಿಗಿಂತ ಐನೂರು ಮೀಟರ್‌ಗೂ ಮೇಲೆ. ಅಲ್ಲಿ ಮೂರು ಡಿಗ್ರಿಯಷ್ಟು ಚಳಿ ಜಾಸ್ತಿ. ಹತ್ತುವಾಗ ಗೊತ್ತಾಗಲ್ಲ. ಇಳಿಯುವಾಗ ಕಾಲು ಆಡಿಸುವ ಕೆಲಸ ಇಲ್ಲ, ಎದುರುಗಾಳಿ ಬೇರೆ. ಒದ್ದೆ ಸಾಕ್ಸ್ ಆಗ ಬೆರಳನ್ನು ಹಿಂಡುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳೆದುಕೊಳ್ಳುತ್ತದೆ. ಒಂದು ಜೊತೆ ಒಣ ಸಾಕ್ಸ್ ಕವರ್‌ನಲ್ಲಿ ಕಟ್ಟಿಕೊಂಡು ಹೋಗಿ, ಮೇಲೆ ಟೀ ಕುಡಿಯುವಾಗ ಬದಲಾಯಿಸಿ, ಆಮೇಲೆ ಇಳಿಯಿರಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ ಅಕ್ಕಾ. ಮಡ್‌ಗಾರ್ಡ್, ವಾಟರ್‌ಪ್ರೂಫ್ ಸಾಕ್ಸ್ ಎಲ್ಲ ನೋಡಿದೆ, ನನ್ನ ಕೈಗೆ ಎಟುಕಲ್ಲ. ಖರ್ಚಿಲ್ಲದೆ ಏನಾದರೂ ದಾರಿ ಇದೆಯಾ?
— ಓದುಗ, ಕೆಂಗೇರಿ

ಉತ್ತರ: ಇದೆ ಕಣಪ್ಪ, ಮತ್ತು ಅದು ಚೆನ್ನಾಗೇ ಕೆಲಸ ಮಾಡುತ್ತದೆ. ಮನೆಯಲ್ಲಿ ಐದು ಲೀಟರ್ ಎಣ್ಣೆ ಕ್ಯಾನ್ ಖಾಲಿಯಾದಾಗ ಎಸೆಯಬೇಡ. ಚಪ್ಪಟೆ ಇರುವ ಪಕ್ಕವನ್ನು ಉದ್ದಕ್ಕೆ ಕತ್ತರಿಸಿ, ಅಂಚನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಕಾದ ಮೊಳೆಯಿಂದ ತೂತು ಮಾಡಿ, ಡೌನ್ ಟ್ಯೂಬ್‌ಗೆ ಕೇಬಲ್ ಟೈ ಹಾಕಿ ಕಟ್ಟು. ಅಗಲ ನಿನ್ನ ಅಂಗೈಗಿಂತ ಜಾಸ್ತಿ ಇರಲಿ.

ಕಾಲಿಗೆ ಹಾಲಿನ ಪ್ಯಾಕೆಟ್. ಒಂದು ಲೀಟರಿನದ್ದು. ಮೇಲ್ತುದಿಯನ್ನು ಪೂರ್ತಿ ಕತ್ತರಿಸಿ, ತೊಳೆದು ಒಣಗಿಸಿ, ಸಾಕ್ಸ್ ಹಾಕಿದ ಮೇಲೆ ಬೆರಳುಗಳಿಗೆ ಟೋಪಿ ಹಾಕಿದಂತೆ ತೊಡಿಸು. ಆಮೇಲೆ ಶೂ. ಚಳಿ ಹಿಡಿಯುವುದು ಬೆರಳಿಗೇ ಅಲ್ವಾ, ಗಾಳಿಯೂ ನೀರೂ ಅಲ್ಲಿ ತಡೆದರೆ ಮುಕ್ಕಾಲು ಕೆಲಸ ಆಯಿತು. ಪಾದ ಪೂರ್ತಿ ಮುಚ್ಚುವ ಕವರ್ ಹಾಕಿದರೆ ಬೆವರು ಹೊರಗೆ ಹೋಗದೆ ಒಳಗಿನಿಂದಲೇ ನೆನೆಯುತ್ತೀಯ, ಅದಕ್ಕೇ ಬೆರಳಿಗೆ ಮಾತ್ರ ಸಾಕು ಅನ್ನುವುದು. ಶೂ ಬಿಗಿ ಆಗದಂತೆ ಲೇಸ್ ಸ್ವಲ್ಪ ಸಡಿಲಿಸು. ಬಿಗಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ವಾಪಸ್ ಬಂದಮೇಲೆ ಪ್ಯಾಕೆಟ್ ರಸ್ತೆಯಲ್ಲಿ ಬಿಸಾಡಬೇಡ, ತೊಳೆದಿಟ್ಟರೆ ಮತ್ತೆ ಬರುತ್ತದೆ.

ಪ್ರಶ್ನೆ: ನಮ್ಮ ಮಗ ಎಡಿನ್‌ಬರೋದಲ್ಲಿ ಓದುತ್ತಿದ್ದಾನೆ. ರಜಾ ದಿನ ಗೆಳೆಯರ ಜೊತೆ ಪೀಬಲ್ಸ್ ಹತ್ತಿರದ ಗ್ಲೆಂಟ್ರೆಸ್ ಕಾಡಿಗೆ ಮೌಂಟನ್ ಬೈಕ್ ಓಡಿಸಲು ಹೋಗುತ್ತಾನಂತೆ. ಫೋನ್ ಮಾಡಿದಾಗಲೆಲ್ಲ ಕಾಲು ಒದ್ದೆ, ಬೆರಳು ನೋವು ಅನ್ನುತ್ತಾನೆ. ಇಲ್ಲಿಂದ ಏನು ಕಳಿಸಲಿ?
— ತಾಯಿ, ಮಲ್ಲೇಶ್ವರ

ಉತ್ತರ: ಅಮ್ಮಾ, ಅಲ್ಲಿಯ ಚಳಿಗಾಲಕ್ಕೂ ನಮ್ಮದಕ್ಕೂ ಹೋಲಿಕೆಯೇ ಇಲ್ಲ. ಡಿಸೆಂಬರ್‌ನಲ್ಲಿ ಅಲ್ಲಿ ಹಗಲೇ ಏಳು ಡಿಗ್ರಿ ಆಸುಪಾಸು, ರಾತ್ರಿ ಸೊನ್ನೆಯ ಹತ್ತಿರ. ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಸೂರ್ಯ ಮುಳುಗುತ್ತಾನೆ. ಅಲ್ಲಿ ಒದ್ದೆ ಕಾಲಿನಲ್ಲಿ ಗಂಟೆಗಟ್ಟಲೆ ಇರುವುದು ಆರೋಗ್ಯಕ್ಕೇ ತೊಂದರೆ, ಅವನು ಹೇಳುವ ನೋವನ್ನು ಹಗುರವಾಗಿ ತಗೋಬೇಡಿ.

ಇಲ್ಲಿಂದ ಶೂ ಕಳಿಸಬೇಡಿ. ಬೂಟು ಹಾಕಿ ನೋಡಿಯೇ ಕೊಳ್ಳಬೇಕು. ಅಲ್ಲೇ ಸೈಕಲ್ ಅಂಗಡಿಗಳಲ್ಲಿ ಚಳಿಗಾಲದ ಬೂಟು ಸಿಗುತ್ತವೆ, ಕಣಕಾಲಿನ ಮೇಲೆ ಬರುವಂಥವು, ಬಾಯಲ್ಲಿ ನಿಯೋಪ್ರೀನ್ ಅನ್ನುವ ಮೆತ್ತನೆ ರಬ್ಬರಿನ ಪಟ್ಟಿ ಇರುವಂಥವು. ಮಾಮೂಲಿಗಿಂತ ಒಂದು ಸೈಜ್ ದೊಡ್ಡದು ತಗೊಳ್ಳಲಿ, ದಪ್ಪ ಸಾಕ್ಸ್ ಹಾಕಿದಮೇಲೂ ಬೆರಳು ಆಡಿಸಲು ಆಗಬೇಕು. ಶೂ ಮೇಲೆ ತೊಡುವ ನಿಯೋಪ್ರೀನ್ ಕವರ್ ರಸ್ತೆ ಸೈಕಲ್‌ಗೆ ಸರಿ. ಕಾಡಿನಲ್ಲಿ ಇಳಿದು ತಳ್ಳುತ್ತಾ ನಡೆಯಬೇಕಾಗುತ್ತದೆ, ಕಲ್ಲಿಗೆ ಅದರ ಅಡಿ ಬೇಗ ಹರಿಯುತ್ತದೆ.

ಬೂಟಿಗೆ ದುಡ್ಡು ಸಾಲದಿದ್ದರೆ ವಾಟರ್‌ಪ್ರೂಫ್ ಸಾಕ್ಸ್ ತಗೊಳ್ಳಲಿ. ಒಳಗೆ ಹೊರಗೆ ಹೆಣಿಗೆ, ನಡುವೆ ನೀರು ಬಿಡದ ಪದರ, ಹೀಗೆ ಮೂರು ಪದರ ಇರುತ್ತದೆ. ಹೊರಗಿನ ಹೆಣಿಗೆ ನೆನೆದಾಗ ತಣ್ಣಗೆ ಅನ್ನಿಸುತ್ತದೆ, ಸೋರುತ್ತಿದೆ ಅಂತ ಜನ ತಪ್ಪು ತಿಳಿಯುತ್ತಾರೆ. ಪರೀಕ್ಷೆ ಸುಲಭ. ಕೈಗೆ ಟಿಶ್ಯೂ ಸುತ್ತಿ, ಸಾಕ್ಸ್ ಒಳಗೆ ತೂರಿಸಿ, ಬಕೆಟ್ ನೀರಿನಲ್ಲಿ ಬಾಯಿಯ ಕೆಳಗಿನವರೆಗೆ ಮುಳುಗಿಸಿ ಐದು ನಿಮಿಷ ಹಿಡಿಯಬೇಕು. ಟಿಶ್ಯೂ ಒಣಗಿದ್ದರೆ ಸಾಕ್ಸ್ ಸರಿ ಇದೆ. ಒಗೆಯುವಾಗ ಕಂಫರ್ಟ್ ಥರದ ದ್ರಾವಣ ಹಾಕಬಾರದು, ಬಿಸಿ ಡ್ರೈಯರ್ ಬೇಡವೇ ಬೇಡ.

ನೀವು ಕಳಿಸಲೇಬೇಕು ಅಂತಿದ್ದರೆ ಚಕ್ಕುಲಿ ಕಳಿಸಿ. ಹಸಿದು ಮೈ ತಣ್ಣಗಾದರೆ ಮೊದಲು ಚಳಿ ಹಿಡಿಯುವುದು ಕೈಕಾಲಿನ ತುದಿಗೇ, ಜೇಬಿನಲ್ಲಿ ತಿನ್ನಲು ಏನಾದರೂ ಇರಲಿ.

ಪ್ರಶ್ನೆ: ವಯಸ್ಸು 52, ಸಕ್ಕರೆ ಕಾಯಿಲೆ ಇದೆ. ಡಾಕ್ಟರ್ ವ್ಯಾಯಾಮ ಮಾಡಿ ಅಂದಿದ್ದಕ್ಕೆ ಸೈಕಲ್ ಶುರು ಮಾಡಿದೆ, ಈಗ ತುಂಬ ಇಷ್ಟ. ಮಳೆಯಲ್ಲಿ ನೆಂದ ಶೂ ಎರಡು ದಿನ ಆದರೂ ಒಣಗಲ್ಲ, ವಾಸನೆ ಬೇರೆ. ಬೆರಳ ಸಂದಿ ಬೆಳ್ಳಗಾಗಿ ತುರಿಸುತ್ತಿದೆ. ಏನು ಮಾಡಲಿ?
— ಓದುಗರು, ಜಯನಗರ

ಉತ್ತರ: ಮೊದಲು ಬೆರಳ ಸಂದಿ. ಬೆಳ್ಳಗಾಗಿ, ಸುಲಿದು, ತುರಿಸಿದರೆ ಅದು ಹೆಚ್ಚಾಗಿ ಶಿಲೀಂಧ್ರದ ಸೋಂಕು. ಬೇರೆಯವರಿಗಾದರೆ ಅಂಗಡಿಯ ಮುಲಾಮು ಹಚ್ಚಿ ನೋಡಿ ಅನ್ನುತ್ತಿದ್ದೆ. ಸಕ್ಕರೆ ಕಾಯಿಲೆ ಇರುವುದರಿಂದ ನೀವು ಈ ವಾರವೇ ಡಾಕ್ಟರಿಗೆ ತೋರಿಸಿ. ಆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕಡಿಮೆಯಾಗಿರಬಹುದು, ಗಾಯ ಆದದ್ದೇ ತಿಳಿಯುವುದಿಲ್ಲ, ವಾಸಿಯಾಗುವುದೂ ನಿಧಾನ. ಸವಾರಿ ಮುಗಿದ ಮೇಲೆ ಪ್ರತಿ ಸಲ ಪಾದ ತೊಳೆದು, ಸಂದಿ ಸಂದಿ ಒರೆಸಿ, ಅಡಿಭಾಗವನ್ನು ಕನ್ನಡಿ ಹಿಡಿದು ನೋಡಿ.

ಹೊಂಡದ ನೀರಿನ ಬಗ್ಗೆಯೂ ಹೇಳಬೇಕು. ಜೋರು ಮಳೆ ಬಂದಾಗ ನಮ್ಮ ರಸ್ತೆಗಳಲ್ಲಿ ಮೋರಿ ನೀರೂ ಸೇರಿಕೊಂಡಿರುತ್ತದೆ. ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿದರೆ ಇಲಿ ಜ್ವರ ಬರಬಹುದು. ಕಾಲಿನಲ್ಲಿ ಬಿರುಕೋ ಗಾಯವೋ ಇರುವ ದಿನ ಅಂಥ ನೀರಿಗೆ ಕಾಲಿಡಬೇಡಿ. ಇಟ್ಟ ಮೇಲೆ ಒಂದೆರಡು ವಾರದೊಳಗೆ ಜ್ವರ, ಮೀನಖಂಡ ನೋವು ಬಂದರೆ ಡಾಕ್ಟರಿಗೆ ಈ ವಿಷಯ ಬಿಡದೆ ಹೇಳಿ.

ಈಗ ಶೂ. ಮನೆಗೆ ಬಂದ ತಕ್ಷಣ ನಲ್ಲಿ ನೀರಲ್ಲಿ ಕೆಸರು ತೊಳೆಯಿರಿ, ಕೆಸರು ಇದ್ದರೆ ತೇವ ಬಿಡುವುದೇ ಇಲ್ಲ. ಇನ್ಸೋಲ್, ಲೇಸ್ ಬಿಚ್ಚಿ ಬೇರೆ ಒಣಗಿಸಿ. ನಾಲಿಗೆ ಪೂರ್ತಿ ಹೊರಗೆಳೆದು ಹಳೇ ಪೇಪರ್ ಉಂಡೆ ಮಾಡಿ ಬೆರಳಿನ ತುದಿಯವರೆಗೆ ತುಂಬಿ. ಅರ್ಧ ಗಂಟೆಯಲ್ಲಿ ಆ ಪೇಪರ್ ಭಾರವಾಗಿ, ಮುಟ್ಟಿದರೆ ಹರಿಯುವಷ್ಟು ನೆನೆದಿರುತ್ತದೆ. ತೆಗೆದು ಹೊಸದು ತುಂಬಿ. ಬಹಳ ಜನ ಒಂದೇ ಸಲ ತುಂಬಿ ಬೆಳಗ್ಗೆವರೆಗೆ ಬಿಡುತ್ತಾರೆ, ಅದಕ್ಕೇ ಒಣಗುವುದಿಲ್ಲ. ಎರಡನೇ ಸಲ ತೆಗೆದಮೇಲೆ ಫ್ಯಾನ್ ಕೆಳಗೆ ಮಗುಚಿ ಒರಗಿಸಿಡಿ, ರಾತ್ರಿ ಕಳೆಯುವಷ್ಟರಲ್ಲಿ ಬಹಳ ಮಟ್ಟಿಗೆ ಒಣಗಿರುತ್ತದೆ. ಗ್ಯಾಸ್ ಒಲೆ ಪಕ್ಕ, ಹೀಟರ್ ಮುಂದೆ ಇಡಬೇಡಿ, ಅಂಟು ಬಿಟ್ಟು ಅಡಿ ಕಿತ್ತು ಬರುತ್ತದೆ. ಸಾಧ್ಯವಾದರೆ ಎರಡು ಜೊತೆ ಶೂ ಇಟ್ಟುಕೊಂಡು ಬದಲಾಯಿಸಿ ಹಾಕಿ. ಒಣಗದ ಶೂ ಮಾತ್ರ ನೀವು ಹಾಕಲೇಬಾರದು. ಆ ದಿನ ಸವಾರಿ ತಪ್ಪಿದರೂ ಪರವಾಗಿಲ್ಲ.

ಪ್ರಶ್ನೆ: ಮುಂದಿನ ಮಳೆಗಾಲಕ್ಕೆ ಸಕಲೇಶಪುರದ ಕಾಫಿ ತೋಟಗಳ ದಾರಿಯಲ್ಲಿ ಸೈಕಲ್ ಓಡಿಸುವ ಪ್ಲಾನ್ ಇದೆ. ವಾಟರ್‌ಪ್ರೂಫ್ ಸಾಕ್ಸ್ ಹಾಕಿದರೆ ಉಂಬಳವೂ ಹತ್ತಲ್ಲ ಅಂತಾರೆ, ನಿಜಾನಾ?
— ಓದುಗರು, ಬನಶಂಕರಿ

ಉತ್ತರ: ಸಾಕ್ಸ್ ಇರುವಷ್ಟು ಜಾಗಕ್ಕೆ ಕಚ್ಚಲ್ಲ, ಆದರೆ ಅದರ ಮೇಲೆ ಹತ್ತಿಕೊಂಡು ಮೊಣಕಾಲಿಗೆ ಬರುತ್ತವೆ. ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಉಂಬಳದ ಸಾಕ್ಸ್ ಸಿಗುತ್ತವೆ, ಅದೇ ಹಾಕಿ. ಸೈಕಲ್ ಓಡುತ್ತಿರುವಾಗ ಹತ್ತುವುದು ಕಡಿಮೆ, ಹುಲ್ಲಿನಲ್ಲಿ ನಿಂತು ಫೋಟೊ ತೆಗೆಯುವಾಗಲೇ ಹತ್ತುವುದು, ಆದ್ದರಿಂದ ನಿಲ್ಲುವುದಾದರೆ ಟಾರ್ ಮೇಲೆ ನಿಲ್ಲಿ. ಕಚ್ಚಿದರೆ ಗಾಬರಿ ಬೇಡ. ಉಗುರನ್ನು ಬಾಯಿಯ ಕೆಳಗೆ ಜಾರಿಸಿ ಬಿಡಿಸಿ, ಸೋಪು ನೀರಲ್ಲಿ ತೊಳೆಯಿರಿ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಸ್ವಲ್ಪ ಹೊತ್ತು ರಕ್ತ ಹರಿಯುತ್ತಲೇ ಇರುತ್ತದೆ, ಒಂದು ಹತ್ತಿ ಉಂಡೆ ಒತ್ತಿಟ್ಟು ಬಟ್ಟೆ ಕಟ್ಟಿ.