ಆರುವಾಗ ಒಡೆಯುವ ಸಫೈರ್ ವಿಂಡೋ

ಪ್ರಶ್ನೆ: ಸೂಪರ್‌ಕ್ರಿಟಿಕಲ್ ನೀರಿನ (ದ್ರವ, ಆವಿ ಎಂಬ ಭೇದ ಅಳಿಯುವಷ್ಟು ಬಿಸಿ ಮತ್ತು ಒತ್ತಡದ ನೀರು) ರಾಮನ್ ಅಧ್ಯಯನಕ್ಕಾಗಿ (ಚದುರಿದ ಲೇಸರ್ ಬೆಳಕಿನಿಂದ ಅಣುಗಳನ್ನು ಅರಿಯುವ ವಿಧಾನ) ಪೀಣ್ಯದಲ್ಲಿ ಎಸ್‌ಎಸ್ 316 (ಸ್ಟೇನ್‌ಲೆಸ್ ಉಕ್ಕು) ಸೆಲ್, ಅಂದರೆ ಒತ್ತಡದ ಪಾತ್ರೆ, ಮಾಡಿಸಿದ್ದೇವೆ. 400 ಡಿಗ್ರಿ ಸೆಲ್ಸಿಯಸ್, 250 ಬಾರ್. ಸಫೈರ್ ವಿಂಡೋ (ಬೆಳಕು ಹಾಯುವ ನೀಲಮಣಿ ಹರಳಿನ ಬಿಲ್ಲೆ) 20 ಮಿ.ಮೀ. ವ್ಯಾಸ, 5 ಮಿ.ಮೀ. ದಪ್ಪ, ಬೆಳಕಿನ ರಂಧ್ರ 10 ಮಿ.ಮೀ. ಅಂಚಿನ ಸುತ್ತ ಗ್ರಾಫೈಟ್ ಪ್ಯಾಕಿಂಗ್ ಇದೆ. ಬಿಸಿಯಲ್ಲಿ ತೊಂದರೆಯಿಲ್ಲ, ಆರುವಾಗ ಸೋರುತ್ತದೆ, ಅಂಚು ಚಕ್ಕೆ ಏಳುತ್ತದೆ. 8 ಮಿ.ಮೀ. ದಪ್ಪದ ವಿಂಡೋ ಹಾಕಿದರೆ ಸಾಕೇ?
— ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು

ಉತ್ತರ: ದಪ್ಪ ಹೆಚ್ಚಿಸಬೇಡಿ, ಅದರಿಂದ ಏನೂ ಸರಿಹೋಗದು. ಬಿಗಿ ಹಿಡಿಯದ ತಟ್ಟೆಯ ಲೆಕ್ಕದಲ್ಲಿ ವಿಂಡೋ ಮೇಲಿನ ಗರಿಷ್ಠ ಎಳೆತ 1.24 × ಒತ್ತಡ × (ರಂಧ್ರದ ತ್ರಿಜ್ಯ ÷ ದಪ್ಪ)². ನಿಮ್ಮಲ್ಲಿ (250 ಬಾರ್ ಎಂದರೆ 25 ಮೆಗಾಪಾಸ್ಕಲ್) ಅದು 31 ಮೆಗಾಪಾಸ್ಕಲ್ ಮಾತ್ರ. ಬಿಸಿ ಸಫೈರ್‌ನ ತಾಳಿಕೆಯನ್ನು 200 ಮೆಗಾಪಾಸ್ಕಲ್‌ಗೆ ಇಳಿಸಿ ಹಿಡಿದರೂ ಆರು ಪಟ್ಟು ಭದ್ರತೆ ಉಳಿಯುತ್ತದೆ.

ತಪ್ಪಿರುವುದು ಅಂಚಿನಲ್ಲಿ. 400 ಡಿಗ್ರಿಗೆ ಏರುವಾಗ ಉಕ್ಕಿನ ಗೂಡು ಸಫೈರ್‌ಗಿಂತ ಸುಮಾರು 0.075 ಮಿ.ಮೀ. ಹೆಚ್ಚು ಅಗಲವಾಗುತ್ತದೆ. ಆ ಸಂದಿಗೆ ಗ್ರಾಫೈಟ್ ಇಳಿದು ಕೂರುತ್ತದೆ. ಆರುವಾಗ ಉಕ್ಕು ಹಿಂದಕ್ಕೆ ಕುಗ್ಗಿ, ಗ್ರಾಫೈಟ್ ಮೂಲಕ ವಿಂಡೋವನ್ನು ಅಡಿಕೆ ಕತ್ತರಿಯಂತೆ ಹಿಂಡುತ್ತದೆ. ಜೊತೆಗೆ ಒತ್ತಡ ಇಳಿದಂತೆ ವಿಂಡೋವನ್ನು ಸೀಟಿಗೆ (ಅದು ಒರಗಿ ಕೂರುವ ಮುಖ) ಒತ್ತುವ ಬಲವೂ ಕಡಿಮೆಯಾಗಿ ಸೋರಿಕೆ ಶುರುವಾಗುತ್ತದೆ.

ಅಂಚಿನ ಪ್ಯಾಕಿಂಗ್ ತೆಗೆದುಬಿಡಿ. ಸುತ್ತ 0.15 ಮಿ.ಮೀ. ಸಂದಿ ಬಿಡಿ, ವಿಂಡೋದ ಅಂಚಿಗೆ 0.3 ಮಿ.ಮೀ. ಚ್ಯಾಂಫರ್ (ಮೂಲೆಯ ಓರೆ ಕತ್ತರಿಕೆ) ಹಾಕಿಸಿ. ಒಳಗಿನ ಒತ್ತಡವೇ ವಿಂಡೋವನ್ನು ಹೊರಗಿನ ಸೀಟಿಗೆ ಒತ್ತುವ ಪೌಲ್ಟರ್ ವಿನ್ಯಾಸ ಇಲ್ಲಿ ಸೂಕ್ತ. ಸೀಟಿನ ಪ್ಲಗ್ ಅನ್ನು ಗ್ರೇಡ್ 5 ಟೈಟಾನಿಯಂನಲ್ಲಿ ಮಾಡಿಸಿದರೆ ಹಿಗ್ಗುವಿಕೆಯ ವ್ಯತ್ಯಾಸ 0.02 ಮಿ.ಮೀ.ಗಿಂತ ಕಡಿಮೆಯಾಗುತ್ತದೆ. ಸೀಟನ್ನು ಲ್ಯಾಪ್ ಮಾಡಿದ (ನುಣ್ಣಗೆ ಉಜ್ಜಿ ಸಮತಟ್ಟಾಗಿಸಿದ) ಮೇಲೆ ಸೋಡಿಯಂ ದೀಪದಡಿ ಆಪ್ಟಿಕಲ್ ಫ್ಲ್ಯಾಟ್ (ಅತಿ ಸಮತಟ್ಟಾದ ಗಾಜಿನ ಬಿಲ್ಲೆ) ಇಟ್ಟು ಕಾಣುವ ಬೆಳಕು-ಕತ್ತಲೆಯ ಪಟ್ಟೆಗಳನ್ನು ನೋಡಿ: ಒಂದು ಪಟ್ಟೆ ಬಾಗಿದರೆ 0.29 ಮೈಕ್ರಾನ್ ಏರಿಳಿತ ಎಂದರ್ಥ. ಒಂದು ಪಟ್ಟೆಗಿಂತ ಹೆಚ್ಚು ಬಾಗಿದ್ದರೆ ಮತ್ತೆ ಲ್ಯಾಪಿಂಗ್‌ಗೆ ಕಳಿಸಿ, ಇಲ್ಲಿ ಕೊಂಚವೂ ರಾಜಿ ಬೇಡ. ಸೀಟು, ವಿಂಡೋ ನಡುವೆ ಕಾಯಿಸಿ ಮೆದುಗೊಳಿಸಿದ 25 ಮೈಕ್ರಾನ್ ಚಿನ್ನದ ಹಾಳೆ, ಬಿಗಿಯುವ ನಟ್‌ನಡಿ ಇಂಕೊನೆಲ್ (ಬಿಸಿ ತಾಳುವ ನಿಕಲ್ ಮಿಶ್ರಲೋಹ) ಡಿಸ್ಕ್ ಸ್ಪ್ರಿಂಗ್ ಇರಲಿ. ಆರುವಾಗ ಬಿಗಿತ ಉಳಿಸುವುದು ಈ ಸ್ಪ್ರಿಂಗೇ.

ಮೊದಲು ತಣ್ಣನೆಯ ನೀರಿನಲ್ಲಿ 375 ಬಾರ್‌ವರೆಗೆ ಪರೀಕ್ಷಿಸಿ, ಗ್ಯಾಸ್‌ನಲ್ಲಿ ಖಂಡಿತ ಬೇಡ. ವಿಂಡೋದ ನೇರಕ್ಕೆ ಯಾರೂ ನಿಲ್ಲಬಾರದು. ಬಿಸಿ ಏರಿಕೆ, ಇಳಿಕೆ ನಿಮಿಷಕ್ಕೆ 2 ಡಿಗ್ರಿ ಸಾಕು. ಕರೆಂಟ್ ಹೋಗಿ ಬಂದಾಗ ಕಂಟ್ರೋಲರ್ ಆಗಿನ ತಾಪದಿಂದಲೇ ನಿಧಾನಕ್ಕೆ ಏರುವಂತೆ ಸೆಟ್ ಮಾಡಿ, ಇಲ್ಲದಿದ್ದರೆ ಹೀಟರ್ ಪೂರ್ತಿ ಶಕ್ತಿಯಲ್ಲಿ ಓಡುತ್ತದೆ.

ಹೊಸ ವಿಂಡೋ ತರಿಸುವಾಗ ಸಿ-ಅಕ್ಷ (ಹರಳಿನ ಮುಖ್ಯ ಅಕ್ಷ) ಬೆಳಕಿನ ದಾರಿಗೆ ಸಮಾನಾಂತರವಾಗಿರಲಿ ಎಂದು ಆರ್ಡರ್‌ನಲ್ಲೇ ಬರೆಯಿರಿ, ಇಲ್ಲವಾದರೆ ಧ್ರುವೀಕರಣದ ಅಳತೆ ಕೆಡುತ್ತದೆ. ಲೇಸರ್ 633 ನ್ಯಾನೋಮೀಟರ್‌ನದಾದರೆ, ಸಫೈರ್‌ನಲ್ಲಿರುವ ಲೇಶಮಾತ್ರ ಕ್ರೋಮಿಯಂನ 694 ನ್ಯಾನೋಮೀಟರ್ ಹೊಳಪು ರಾಮನ್ ರೋಹಿತದಲ್ಲಿ 1400 ತರಂಗಸಂಖ್ಯೆಯ (ಪ್ರತಿ ಸೆಂ.ಮೀ.ಗೆ ಅಲೆಗಳ ಲೆಕ್ಕ) ಹತ್ತಿರವೇ ಬಂದು ಕೂರುತ್ತದೆ. 532 ನ್ಯಾನೋಮೀಟರ್‌ನ ಲೇಸರ್ ಬಳಸಿದರೆ ಅದು 4390ರ ಆಸುಪಾಸಿಗೆ ಹೋಗಿ, ನೀರಿನ 3000–3700ರ ಪಟ್ಟಿ ನಿರಾಳವಾಗಿ ಸಿಗುತ್ತದೆ.